ಬೆಳಗಾವಿಗೆ ಹೋಗುವಾಗ 59%, ಬರುವಾಗ 38%: ಅದೇ ರಸ್ತೆ, ಅದೇ ಇವಿ, ಯಾಕೆ ಹೀಗೆ?

ನವನಗರದ ಚಾಲಕ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಮ್ಮ ಎಲೆಕ್ಟ್ರಿಕ್ ಕಾರು ಬಂದು ಎಂಟು ತಿಂಗಳಾಯಿತು. ಬ್ಯಾಟರಿ 40 ಯುನಿಟ್. ಕೊಳ್ಳುವಾಗ ಷೋರೂಮಿನಲ್ಲಿ 450 ಕಿ.ಮೀ. ಮೇಲೆ ಓಡುತ್ತದೆ ಅಂದಿದ್ದರು. ಅಷ್ಟು ಬರುವುದಿಲ್ಲ ಅಂತ ಮೊದಲ ತಿಂಗಳಲ್ಲೇ ಗೊತ್ತಾಯಿತು. ಅದಕ್ಕೆ ನನ್ನ ತಕರಾರಿಲ್ಲ. ನನಗೆ ತಿಳಿಯದೇ ಇರುವುದು ಬೇರೆ.

ಮಗಳು ಬೆಳಗಾವಿಯಲ್ಲಿ ಓದುತ್ತಿದ್ದಾಳೆ. ತಿಂಗಳಿಗೆ ಎರಡು ಸಲ ಹೋಗಿ ಬರುತ್ತೇವೆ. ಗದ್ದನಕೇರಿ ಕ್ರಾಸ್, ಕಲಾದಗಿ, ಲೋಕಾಪುರ, ಯರಗಟ್ಟಿ, ನೇಸರಗಿ, ಸಾಂಬ್ರಾ. ಮನೆಯಿಂದ ಅವಳ ಹಾಸ್ಟೆಲ್‌ವರೆಗೆ ಸುಮಾರು 140 ಕಿ.ಮೀ. ಪ್ರತಿ ಸಲ ಬ್ಯಾಟರಿ ಎಷ್ಟು ಖರ್ಚಾಯಿತು ಅಂತ ನನ್ನ ಹೆಂಡತಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾಳೆ.

ಜನವರಿಯ ಒಂದು ಭಾನುವಾರ: ಹೋಗುವಾಗ 49%, ಬರುವಾಗ 44%.
ಈ ಜುಲೈನಲ್ಲಿ, ಹೋದ ಶನಿವಾರ: ಹೋಗುವಾಗ 59%, ಬರುವಾಗ 38%.

ಎರಡೂ ಸಲ ಓಡಿಸಿದ್ದು ನಾನೇ. ವೇಗ 75ರ ಆಸುಪಾಸು. ನಾವಿಬ್ಬರೇ, ಡಿಕ್ಕಿಯಲ್ಲಿ ಮಗಳಿಗೆ ರೊಟ್ಟಿ, ಶೇಂಗಾ ಚಟ್ನಿ, ಬಟ್ಟೆ. ಸರ್ವಿಸ್ ಸೆಂಟರಿನಲ್ಲಿ ಕೇಳಿದೆ. ಲ್ಯಾಪ್‌ಟಾಪ್ ಹಚ್ಚಿ ನೋಡಿ, ‘ಬ್ಯಾಟರಿ ಸರಿ ಇದೆ, ನೀವು ಓಡಿಸುವ ರೀತಿ ಸರಿ ಇಲ್ಲ’ ಅಂದರು. ಬೆಳಿಗ್ಗೆ ತಪ್ಪಾಗಿ ಓಡಿಸಿದವನು ಸಂಜೆ ಹೊತ್ತಿಗೆ ಸರಿಯಾಗಿ ಓಡಿಸಲು ಕಲಿತುಬಿಟ್ಟೆನಾ? ನೇಸರಗಿ ದಾಟಿದ ಮೇಲೆ ಹೆಂಡತಿ ಪರದೆ ನೋಡುತ್ತಾ ಮಾತೇ ನಿಲ್ಲಿಸಿದ್ದಳು. ಆ ಆತಂಕ ನನಗೆ ಬೇಡ. ತಿಳಿದವರು ದಯವಿಟ್ಟು ಹೇಳಿ.

ಶಹಾಪುರದ ಹುಡುಗ (ಬೆಳಗಾವಿ)

ಸರ್, ಇದು ಏರಿನ ವಿಷಯ. ಬಾಗಲಕೋಟೆ ಸಮುದ್ರಮಟ್ಟದಿಂದ ಸುಮಾರು 530 ಮೀಟರ್. ಬೆಳಗಾವಿ ಸುಮಾರು 750. ರಸ್ತೆ ಸಪಾಟಾಗಿ ಕಾಣುತ್ತದೆ, ಆದರೆ ನೀವು ದಾರಿಯುದ್ದಕ್ಕೂ ಏರುತ್ತಲೇ ಬರುತ್ತೀರಿ. ವಾಪಸ್ ಬಾಗಲಕೋಟೆಗೆ ಹೋಗುವಾಗ ಇಳಿಜಾರು.

ಫಿಜಿಕ್ಸ್ ಮಾಸ್ತರ (ವಿಜಯಪುರ)

ಶಹಾಪುರದವರು ಹೇಳಿದ್ದು ನಿಜ, ಆದರೆ ಪೂರ್ತಿ ಲೆಕ್ಕ ಅದರಲ್ಲಿ ಮುಗಿಯುವುದಿಲ್ಲ. ಕೂಡಿಸಿ ನೋಡೋಣ.

ಗಾಡಿ, ಇಬ್ಬರು ಜನ, ಸಾಮಾನು ಸೇರಿ 1,700 ಕೆ.ಜಿ. ಅಂತ ಇಟ್ಟುಕೊಳ್ಳಿ. ಏರು 220 ಮೀಟರ್. 1,700 ಗುಣಿಸು 9.8 ಗುಣಿಸು 220 ಅಂದರೆ ಸುಮಾರು 36 ಲಕ್ಷ 65 ಸಾವಿರ ಜೂಲ್. ಒಂದು ಯುನಿಟ್ ಕರೆಂಟ್ ಅಂದರೆ 36 ಲಕ್ಷ ಜೂಲ್. ಅಂದರೆ ಇಡೀ ಗಾಡಿಯನ್ನು ಬಾಗಲಕೋಟೆಯಿಂದ ಬೆಳಗಾವಿಯ ಎತ್ತರಕ್ಕೆ ಎತ್ತಲು ಬೇಕಾದದ್ದು ಹೆಚ್ಚುಕಡಿಮೆ ಒಂದೇ ಒಂದು ಯುನಿಟ್! ಮೋಟಾರಿನ ನಷ್ಟ ಸೇರಿಸಿದರೂ ಒಂದು ಕಾಲು ಯುನಿಟ್ ದಾಟುವುದಿಲ್ಲ. ಇಳಿಯುವಾಗ ಅದರಲ್ಲಿ ಮುಕ್ಕಾಲು ಯುನಿಟ್‌ನಷ್ಟು ಲಾಭ ಸಿಗುತ್ತದೆ. ಎರಡೂ ಸೇರಿ ಹೋಗುವುದಕ್ಕೂ ಬರುವುದಕ್ಕೂ 2 ಯುನಿಟ್ ಅಂತರ. ನಿಮ್ಮ 40 ಯುನಿಟ್ ಬ್ಯಾಟರಿಯಲ್ಲಿ ಅದು 5%.

ಈಗ ನಿಮ್ಮ ಮನೆಯವರ ನೋಟ್‌ಬುಕ್ ನೋಡಿ. ಜನವರಿಯ ಅಂತರ ಎಷ್ಟು? 49 ಮತ್ತು 44. ಸರಿಯಾಗಿ 5. ಅಷ್ಟು ಚೆಂದ ಕೂಡಿಬಂದಿದ್ದು ನೋಡಿ ನನಗೆ ತುಂಬಾ ಖುಷಿಯಾಯಿತು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಆದರೆ ಜುಲೈನ ಅಂತರ 21%. ಎತ್ತರದ 5 ತೆಗೆದರೆ 16 ಉಳಿಯಿತು. ಆರೂವರೆ ಯುನಿಟ್ ಹತ್ತಿರ. ಬೆಟ್ಟ ಜನವರಿಗೂ ಜುಲೈಗೂ ಬೆಳೆಯುವುದಿಲ್ಲ. ಬೆಳಗಾವಿಗೆ ಹೋಗುವಾಗ ನೀವು ಪಶ್ಚಿಮಕ್ಕೆ ಮುಖ ಮಾಡಿ ಹೋಗುತ್ತೀರಿ. ಅವತ್ತು ಗಾಳಿ ಹೇಗಿತ್ತು?

ನವನಗರದ ಚಾಲಕ

ಗಾಳಿ ಜೋರಿತ್ತು ಸರ್. ಯರಗಟ್ಟಿಯಲ್ಲಿ ಚಹಾಕ್ಕೆ ಇಳಿದಾಗ ಕಾರಿನ ಬಾಗಿಲು ಕೈಯಿಂದ ಕಿತ್ತುಕೊಂಡು ಹೋಯಿತು. ಆದರೆ ಕಾರಿನೊಳಗೆ ಕೂತಾಗ ಏನೂ ಅನಿಸಿರಲಿಲ್ಲ.

ಮುಧೋಳ ರೈತ

ಆಷಾಢದ ಗಾಳಿ ಅದು ಅಣ್ಣಾವ್ರೆ. ಪಡುವಣದಿಂದ ಬೀಸುತ್ತದೆ. ಜೂನ್ ನಡುವಿನಿಂದ ಆಗಸ್ಟ್‌ವರೆಗೆ ನಮ್ಮ ಹೊಲದಲ್ಲಿ ನಿಂತರೆ ಟೊಪ್ಪಿಗೆ ತಲೆ ಮೇಲೆ ನಿಲ್ಲುವುದಿಲ್ಲ. ಎತ್ತರ ಬೆಳೆದ ಕಬ್ಬು ಮೂಡಣಕ್ಕೆ ವಾಲುತ್ತದೆ. ಸವದತ್ತಿ ಕಡೆ, ಗದಗ ಕಡೆ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಹಾಕಿದ್ದು ಸುಮ್ನೆ ಅಲ್ಲ. ನೀವು ಆ ಗಾಳಿಗೆ ಎದೆ ಕೊಟ್ಟು 140 ಕಿಲೋಮೀಟರ್ ಹೋಗಿದ್ದೀರಿ. ಬರುವಾಗ ಅದೇ ಗಾಳಿ ನಿಮ್ಮನ್ನು ಮನೆ ಕಡೆ ದೂಡಿದೆ.

ನಾನು ಸೈಕಲ್ ಮೇಲೆ ಶಾಲೆಗೆ ಹೋದವನು. ಜುಲೈನಲ್ಲಿ ಪಡುವಣಕ್ಕೆ ಸೈಕಲ್ ತುಳಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಫಿಜಿಕ್ಸ್ ಮಾಸ್ತರ

ಕಾಕಾ ಹೇಳಿದ ಮೇಲೆ ನಾನು ಅಂಕಿ ಮಾತ್ರ ಸೇರಿಸುತ್ತೇನೆ.

ಕಾರು ಓಡುವಾಗ ಎರಡು ದೊಡ್ಡ ಖರ್ಚು. ಒಂದು, ಟೈರು ರಸ್ತೆ ಮೇಲೆ ಉರುಳುವ ಖರ್ಚು. ಇದು ವೇಗ ಹೆಚ್ಚಾದರೂ ಅಷ್ಟಾಗಿ ಬದಲಾಗುವುದಿಲ್ಲ, ತೂಕಕ್ಕೆ ತಕ್ಕಂತೆ ಇರುತ್ತದೆ. ಇನ್ನೊಂದು, ಗಾಳಿಯನ್ನು ಸೀಳಿಕೊಂಡು ಹೋಗುವ ಖರ್ಚು. ಇದು ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಇಲ್ಲಿ ವೇಗ ಅಂದರೆ ಸ್ಪೀಡೋಮೀಟರಿನ ವೇಗ ಅಲ್ಲ, ಕಾರಿಗೆ ತಾಗುವ ಗಾಳಿಯ ವೇಗ.

ನೀವು 75ರಲ್ಲಿ ಹೋಗುತ್ತಿದ್ದೀರಿ, ಎದುರು ಗಾಳಿ 15 ಅಂತ ಹಿಡಿಯಿರಿ. ಕಾರಿಗೆ ತಾಗುವುದು 90. ಬರುವಾಗ ಅದೇ ಗಾಳಿ ಬೆನ್ನಿಗೆ, ತಾಗುವುದು 60. 75ರ ವರ್ಗ 5,625. 90ರ ವರ್ಗ 8,100. 60ರ ವರ್ಗ 3,600. ಅಂದರೆ ಹೋಗುವಾಗ ಗಾಳಿ ಸೀಳುವ ಖರ್ಚು 44% ಜಾಸ್ತಿ, ಬರುವಾಗ 36% ಕಡಿಮೆ. ನಿಮ್ಮಂಥ ಎತ್ತರದ ಕಾರಿಗೆ, 140 ಕಿಲೋಮೀಟರಿಗೆ, ಹೋಗುವುದಕ್ಕೂ ಬರುವುದಕ್ಕೂ 7 ಯುನಿಟ್ ಹತ್ತಿರದ ವ್ಯತ್ಯಾಸ ಬರುತ್ತದೆ. ನಾವು ಹುಡುಕುತ್ತಿದ್ದದ್ದು ಆರೂವರೆ.

ಮೊಬೈಲ್ ಆ್ಯಪಿನಲ್ಲಿ ಗಾಳಿ 25, 30 ಅಂತ ತೋರಿಸಬಹುದು. ಅದು 10 ಮೀಟರ್ ಎತ್ತರದ ಗಾಳಿ. ಕಾರಿನ ಎತ್ತರದಲ್ಲಿ ಬೆಳೆ, ಮರ, ಮನೆ ಅಡ್ಡ ಬಂದು ಅಷ್ಟು ಇರುವುದಿಲ್ಲ. ಅದಕ್ಕೇ ನಾನು 15 ಹಿಡಿದೆ.

ಇನ್ನೊಂದು ಮಾತು. ಹೋಗಿ ಬರುವ ಖರ್ಚನ್ನು ಕೂಡಿಸಿ. ಜನವರಿಯಲ್ಲಿ 93. ಜುಲೈನಲ್ಲಿ 97. ಹೋಗುವಾಗ ಕಳಕೊಂಡದ್ದು ಬರುವಾಗ ಪೂರ್ತಿ ವಾಪಸ್ ಬರಲಿಲ್ಲ, ಯಾಕೆಂದರೆ 90ರ ವರ್ಗ ಎಷ್ಟು ಏರಿತೋ 60ರ ವರ್ಗ ಅಷ್ಟು ಇಳಿಯಲಿಲ್ಲ. ಮಳೆಯಾಗಿದ್ದರೆ ಒದ್ದೆ ರಸ್ತೆಯ ಪಾಲೂ ಅದರಲ್ಲಿ ಇದೆ. ಆದರೂ ಒಟ್ಟು ಮೊತ್ತ ಹೆಚ್ಚುಕಡಿಮೆ ಹಾಗೇ ಉಳಿದಿದೆ. ನಿಮ್ಮ ಬ್ಯಾಟರಿ ಚೆನ್ನಾಗಿದೆ ಸರ್.

ಕೃಷ್ಣಾ ತೀರ (ಜಮಖಂಡಿ)

ಒಪ್ಪಲು ಕಷ್ಟ ಆಗುತ್ತಿದೆ. ನನ್ನ ಪೆಟ್ರೋಲ್ ಕಾರು ಹದಿನೈದು ವರ್ಷದಿಂದ ಇದೇ ಗಾಳಿಯಲ್ಲಿ ಬೆಳಗಾವಿಗೆ ಹೋಗುತ್ತಿದೆ. ಒಂದು ದಿನವೂ ಹೋಗುವಾಗ ಇಷ್ಟು, ಬರುವಾಗ ಇಷ್ಟು ಅಂತ ಅನಿಸಿಲ್ಲ. ಗಾಳಿ ಇವಿಗೆ ಮಾತ್ರ ಬೀಸುತ್ತದೆಯೇ?

ಫಿಜಿಕ್ಸ್ ಮಾಸ್ತರ

ಒಳ್ಳೆಯ ಪ್ರಶ್ನೆ. ಎಲ್ಲರೂ ಕೇಳಬೇಕಾದ ಪ್ರಶ್ನೆ. ಗಾಳಿ ನಿಮ್ಮ ಕಾರನ್ನೂ ಅಷ್ಟೇ ತಡೆಯುತ್ತದೆ. ಎರಡು ಕಾರಣಕ್ಕೆ ಅದು ನಿಮಗೆ ಕಾಣುತ್ತಿಲ್ಲ.

ಮೊದಲನೆಯದು, ಪೆಟ್ರೋಲ್ ಎಂಜಿನ್ ಎಣ್ಣೆಯ ಶಕ್ತಿಯಲ್ಲಿ ಬಹುಪಾಲನ್ನು ಬಿಸಿಯಾಗಿ ಹೊರಗೆ ಬಿಡುತ್ತದೆ. ಅಷ್ಟು ದೊಡ್ಡ ನಷ್ಟದ ನಡುವೆ ಗಾಳಿಯ ಲೆಕ್ಕ ಮುಚ್ಚಿಹೋಗುತ್ತದೆ. ಇವಿಯಲ್ಲಿ ಆ ನಷ್ಟ ತೀರಾ ಕಡಿಮೆ. ಹಾಗಾಗಿ ಗಾಳಿ, ವೇಗ, ಎಸಿ ಎಲ್ಲವೂ ಎದ್ದು ಕಾಣುತ್ತವೆ.

ಎರಡನೆಯದು ನನಗೆ ಇನ್ನೂ ಮುಖ್ಯ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯುನಿಟ್ ಶಕ್ತಿ ಇದೆ. 40 ಯುನಿಟ್ ಬ್ಯಾಟರಿ ಅಂದರೆ ಸುಮಾರು ನಾಲ್ಕೂವರೆ ಲೀಟರ್ ಪೆಟ್ರೋಲ್. ನವನಗರದವರು ಪ್ರತಿ ಸಲ ನಾಲ್ಕೂವರೆ ಲೀಟರ್ ಹಾಕಿಕೊಂಡು ಬೆಳಗಾವಿಗೆ ಹೊರಟಿದ್ದಾರೆ. ಅಷ್ಟರಲ್ಲಿ 140 ಕಿ.ಮೀ. ಹೋಗಿ ಇನ್ನೂ ಉಳಿಸಿಕೊಂಡಿದ್ದಾರೆ. ನಿಮ್ಮ ಟ್ಯಾಂಕಿನಲ್ಲಿ 40 ಲೀಟರ್ ಇದ್ದಾಗ ಒಂದು ಲೀಟರ್ ಹೆಚ್ಚಾದರೆ ಯಾರು ನೋಡುತ್ತಾರೆ? ನಾಲ್ಕೂವರೆಯಲ್ಲಿ ಅರ್ಧ ಲೀಟರ್ ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ.

ಕೃಷ್ಣಾ ತೀರ

ನಾಲ್ಕೂವರೆ ಲೀಟರಿನ ಮಾತು ಮನಸ್ಸಿಗೆ ಹತ್ತಿತು. ಹಾಗಾದರೆ ಕಂಪನಿಯವರು ಕೊಡುವ 450, 500 ಎಲ್ಲಿಂದ ಬರುತ್ತದೆ? ಅದು ಸುಳ್ಳು ತಾನೇ?

ಶಹಾಪುರದ ಹುಡುಗ

ಸುಳ್ಳು ಅನ್ನಲಾಗದು, ಆದರೆ ನಮ್ಮ ರಸ್ತೆಯದ್ದಲ್ಲ. ನಮ್ಮ ದೇಶದ ಪರೀಕ್ಷೆಯಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಗೊತ್ತು ಮಾಡಿದ ವೇಗದಲ್ಲಿ ಓಡಿಸುತ್ತಾರೆ. ವೇಗ 90 ದಾಟುವುದಿಲ್ಲ. ನಿಧಾನವಾಗಿ ಹೋಗುವ, ನಿಲ್ಲುವ ಭಾಗವೇ ಅದರಲ್ಲಿ ಬಹಳ. ಎಸಿ ಬಂದ್. ಎದುರು ಗಾಳಿ ಇಲ್ಲ, ಆಷಾಢ ಇಲ್ಲ. ಯುರೋಪಿನ ಈಗಿನ ಪರೀಕ್ಷೆಯಲ್ಲಿ ವೇಗ 131ರವರೆಗೆ ಹೋಗುತ್ತದೆ. ಹಾಗಾಗಿ ಅಲ್ಲಿನ ಅಂಕಿ ಕಡಿಮೆ ಬರುತ್ತದೆ.

ಈಗ ಸ್ವಲ್ಪ ಸುಧಾರಿಸುತ್ತಿದೆ. 2024ರಲ್ಲಿ ಟಾಟಾ ಕರ್ವ್ ಇವಿ ಬಂದಾಗ 55 ಯುನಿಟ್ ಬ್ಯಾಟರಿಗೆ ಪರೀಕ್ಷೆಯ ಅಂಕಿ 585 ಕಿ.ಮೀ. ಅಂತ ಹೇಳಿದರು. ಜೊತೆಗೆ ‘ಸಿ75’ ಅಂತ ಇನ್ನೊಂದು ಅಂಕಿ ಕೊಟ್ಟರು: 400ರಿಂದ 425. ನೂರಕ್ಕೆ 75 ಗ್ರಾಹಕರಿಗೆ ಇಷ್ಟಾದರೂ ಸಿಗುತ್ತದೆ ಅಂತ ಅದರ ಅರ್ಥ. ಎಲ್ಲ ಕಂಪನಿಗಳೂ ಇಂಥ ಎರಡನೇ ಅಂಕಿ ಕೊಡಬೇಕು ಅಂತ ನನ್ನ ಆಸೆ. ಷೋರೂಮಿನಲ್ಲಿ ಮೊದಲು ಹೇಳಬೇಕಾದದ್ದು ಅದನ್ನೇ.

ಗುಮ್ಮಟದ ನೆರಳು (ವಿಜಯಪುರ)

ನನ್ನದು ಬೇರೆ ಕಷ್ಟ. ಚಿಕ್ಕ ಇವಿ, 24 ಯುನಿಟ್. ಊರು ಬಿಟ್ಟು ಹೋಗುವುದೇ ಇಲ್ಲ. ಮಕ್ಕಳನ್ನು ಶಾಲೆಗೆ ಬಿಡುವುದು, ಬ್ಯಾಂಕಿನ ಕೆಲಸಕ್ಕೆ ಹೋಗುವುದು, ಸಂಜೆ ಸಂತೆ. ಒಂದೊಂದು ಓಡಾಟ ಮೂರು ನಾಲ್ಕು ಕಿ.ಮೀ. ಡಿಸೆಂಬರಿನಲ್ಲಿ ವಾರಕ್ಕೊಮ್ಮೆ ಚಾರ್ಜ್ ಮಾಡುತ್ತಿದ್ದೆ. ಏಪ್ರಿಲ್, ಮೇನಲ್ಲಿ ನಾಲ್ಕು ದಿನಕ್ಕೇ ಹಚ್ಚಬೇಕಾಯಿತು. ವೇಗವೂ ಇಲ್ಲ, ಎದುರು ಗಾಳಿಯೂ ಇಲ್ಲ. ಎಸಿ ಅಂತ ಗೊತ್ತು. ಆದರೆ ಹೆದ್ದಾರಿಯಲ್ಲಿ ಎಸಿ ಹಾಕಿದರೆ ಅಷ್ಟೇನೂ ವ್ಯತ್ಯಾಸ ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಊರೊಳಗೆ ಯಾಕೆ ಇಷ್ಟು?

ಫಿಜಿಕ್ಸ್ ಮಾಸ್ತರ

ಅಕ್ಕಾವ್ರೆ, ಎಸಿಗೆ ಕಿಲೋಮೀಟರ್ ಗೊತ್ತಿಲ್ಲ. ಅದು ಗಂಟೆ ಲೆಕ್ಕದಲ್ಲಿ ತಿನ್ನುತ್ತದೆ.

ತಂಪಾದ ಮೇಲೆ ಕಾರಿನ ಎಸಿ ಒಂದು ಕಿಲೋವಾಟ್ ಆಸುಪಾಸು ತಗೊಳ್ಳುತ್ತದೆ ಅನ್ನಿ. ಗಂಟೆಗೆ ಒಂದು ಯುನಿಟ್. ಹೆದ್ದಾರಿಯಲ್ಲಿ ಆ ಒಂದು ಗಂಟೆಯಲ್ಲಿ ನೀವು 75 ಕಿ.ಮೀ. ಹೋಗಿರುತ್ತೀರಿ, ಗಾಡಿ 10 ಯುನಿಟ್ ತಿಂದಿರುತ್ತದೆ. ಅದರಲ್ಲಿ ಎಸಿಯದ್ದು ಒಂದು. ಊರಲ್ಲಿ ಅದೇ ಒಂದು ಗಂಟೆಯಲ್ಲಿ ಹೋಗುವುದು 20 ಕಿ.ಮೀ. ಗಾಡಿಗೆ ಎರಡು ಯುನಿಟ್ ಸಾಕು. ಅದರ ಮೇಲೆ ಎಸಿಗೆ ಒಂದು. ಅರ್ಧದಷ್ಟು ಜಾಸ್ತಿ ಆಯಿತು ಅಲ್ವಾ?

ನಿಮ್ಮ ಕಥೆ ಅದಕ್ಕಿಂತ ಕಷ್ಟದ್ದು. ವಿಜಯಪುರದ ಮೇ ತಿಂಗಳು, ಹೊರಗೆ 40 ದಾಟಿದೆ, ಕಾರು ಬಿಸಿಲಲ್ಲಿ ನಿಂತಿದೆ. ಒಳಗಿನ ಸೀಟು, ಡ್ಯಾಶ್‌ಬೋರ್ಡ್, ಗಾಜು ಎಲ್ಲ ಕಾದ ಹೆಂಚು. ಅದನ್ನು ತಂಪು ಮಾಡಲು ಮೊದಲ ಹತ್ತು ನಿಮಿಷ ಎಸಿ ಎರಡೂವರೆ ಕಿಲೋವಾಟ್ ತನಕ ಎಳೆಯಬಹುದು. ಅಂದರೆ ಸುಮಾರು 0.4 ಯುನಿಟ್. ನಾಲ್ಕು ಕಿಲೋಮೀಟರ್ ಓಡಿಸಲು ನಿಮ್ಮ ಗಾಡಿಗೆ ಬೇಕಾದದ್ದೂ ಸುಮಾರು ಅಷ್ಟೇ! ಒಳಗೆ ತಂಪಾಗುವ ಹೊತ್ತಿಗೆ ನೀವು ಮನೆ ಮುಟ್ಟಿರುತ್ತೀರಿ. ಮತ್ತೆ ಕಾರು ಬಿಸಿಲಿಗೆ. ದಿನಕ್ಕೆ ಆರು ಸಲ ಇದೇ.

ಬೇವಿನ ಮರದ ನೆರಳು ಸಿಕ್ಕರೆ ಐವತ್ತು ಹೆಜ್ಜೆ ದೂರ ಆದರೂ ಅಲ್ಲೇ ನಿಲ್ಲಿಸಿ. ಹತ್ತುವ ಮೊದಲು ನಾಲ್ಕೂ ಬಾಗಿಲು ತೆರೆದು ಒಂದು ನಿಮಿಷ ಬಿಸಿ ಗಾಳಿ ಹೊರಗೆ ಬಿಡಿ. ನಿಮ್ಮ ಕಾರಿನಲ್ಲಿ ಮೊಬೈಲಿನಿಂದ ಎಸಿ ಹಾಕುವ ಸೌಲಭ್ಯ ಇದ್ದರೆ, ಮನೆಯಲ್ಲಿ ಚಾರ್ಜರ್ ಹಚ್ಚಿರುವಾಗಲೇ ತಂಪು ಮಾಡಿಕೊಳ್ಳಿ. ಎಸಿ ಬಿಟ್ಟು ಬೆವರುತ್ತಾ ಓಡಿಸಬೇಡಿ. ಚಿಕ್ಕ ಮಕ್ಕಳು ಇರುವ ಗಾಡಿ.

ಟೈರ್ ಅಂಗಡಿ, ಇಳಕಲ್ ನಾಕಾ

ನನ್ನ ಕಡೆಯಿಂದ ಒಂದು ಮಾತು. ಇವಿ ಜೊತೆ ಕಂಪನಿಯಿಂದ ಬರುವ ಟೈರು ಕಡಿಮೆ ಎಳೆಯುವ ಜಾತಿಯದು. ಸವೆದ ಮೇಲೆ ಜನ ಅಗಲ ಟೈರು ಹಾಕಿಸುತ್ತಾರೆ, ನೋಡಲು ಚೆಂದ ಅಂತ. ಆಮೇಲೆ ರೇಂಜ್ ಬಿತ್ತು ಅಂತ ಬ್ಯಾಟರಿಗೆ ಬೈಯುತ್ತಾರೆ. ಗಾಳಿ ಎಷ್ಟು ಹಾಕಬೇಕು ಅಂತ ಚಾಲಕನ ಬಾಗಿಲ ಕಂಬದ ಮೇಲೆ ಬರೆದಿರುತ್ತದೆ. ಟೈರು ತಂಪಿರುವಾಗ, ಬೆಳಿಗ್ಗೆಯೇ ನೋಡಿಸಿ. ಮಧ್ಯಾಹ್ನ ಓಡಿಸಿ ಬಂದು ನೋಡಿದರೆ ಬಿಸಿಗೆ ಜಾಸ್ತಿ ತೋರಿಸುತ್ತದೆ, ನಿಜವಾಗಿ ಕಡಿಮೆ ಇರುತ್ತದೆ. ಮೇಲೆ ಕ್ಯಾರಿಯರ್ ಕಟ್ಟಿಸಿದ್ದರೆ ಕೆಲಸ ಮುಗಿದ ಮೇಲೆ ಬಿಚ್ಚಿಡಿ.

ನವನಗರದ ಚಾಲಕ

ಟೈರ್ ನೋಡಿಸಿದೆ, ಹಿಂದಿನ ಎರಡರಲ್ಲಿ ನಾಲ್ಕು ಪಾಯಿಂಟ್ ಕಡಿಮೆ ಇತ್ತು. ಧನ್ಯವಾದ.

ಇನ್ನೊಂದು ಕೇಳಬೇಕು. ಬೆಳಿಗ್ಗೆ ಹೊರಡುವಾಗ ಪರದೆ 310 ಕಿ.ಮೀ. ತೋರಿಸುತ್ತದೆ. ಲೋಕಾಪುರ ಮುಟ್ಟುವಷ್ಟರಲ್ಲಿ ಓಡಿದ್ದಕ್ಕಿಂತ ದುಪ್ಪಟ್ಟು ಇಳಿದಿರುತ್ತದೆ. ನಮ್ಮ ಆತಂಕಕ್ಕೆ ಅರ್ಧ ಕಾರಣ ಆ ಅಂಕಿಯೇ.

ಶಹಾಪುರದ ಹುಡುಗ

ಸರ್, ಆ ಅಂಕಿ ಮುಂದಿನ ರಸ್ತೆಯದ್ದಲ್ಲ. ಹಿಂದೆ ಓಡಿಸಿದ್ದನ್ನು ನೋಡಿ ಮಾಡುವ ಅಂದಾಜು. ನೀವು ವಾರವಿಡೀ ನವನಗರದ ಸೆಕ್ಟರ್‌ಗಳಲ್ಲಿ 35ರಲ್ಲಿ ಓಡಾಡಿದ್ದೀರಿ. ಗಾಡಿ ‘ಇವರು ಹೀಗೇ ಹೋಗುತ್ತಾರೆ’ ಅಂದುಕೊಂಡು 310 ಹೇಳಿದೆ. ಅದಕ್ಕೆ ಎದುರು ಗಾಳಿ ಗೊತ್ತಿಲ್ಲ, 75ರ ವೇಗವೂ ಗೊತ್ತಿಲ್ಲ.

ನಾನು ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಹೋಗುತ್ತಿರುತ್ತೇನೆ. ಘಾಟು ಇಳಿಯುವಾಗ ಬ್ರೇಕಿನ ಶಕ್ತಿ ಬ್ಯಾಟರಿಗೆ ವಾಪಸ್ ಬರುತ್ತದೆ. ಓಡುತ್ತಾ ಓಡುತ್ತಾ ಪರದೆಯ ಕಿಲೋಮೀಟರ್ ಏರುತ್ತದೆ! ಅದನ್ನು ನಂಬಿ ವಾಪಸ್ ಬರುವ ಲೆಕ್ಕ ಹಾಕಿದರೆ ಘಾಟು ಏರುವಾಗ ಅಳು ಬರುತ್ತದೆ. ಮೊದಲ ಸಲ ನನಗೂ ಹಾಗೇ ಆಗಿತ್ತು. ಕೆಳಗಿನ ಹೋಟೆಲಿನ ಚಾರ್ಜರ್ ಕೆಟ್ಟಿತ್ತು, ಕೊನೆಗೆ ಅವರ ಅಡುಗೆಮನೆಯ 15 ಆಂಪಿಯರ್ ಪ್ಲಗ್ಗಿಗೆ ನಾಲ್ಕು ಗಂಟೆ ಹಚ್ಚಿ ಕೂತೆ.

ನೀವು ಕಿಲೋಮೀಟರ್ ಮರೆತು ಪರ್ಸೆಂಟ್ ನೋಡಿ. ನಿಮ್ಮ ಗಾಡಿಗೆ ಒಂದು ಪರ್ಸೆಂಟ್ ಅಂದರೆ 0.4 ಯುನಿಟ್. ಜನವರಿಯಲ್ಲಿ ಒಂದು ಪರ್ಸೆಂಟಿಗೆ ಸುಮಾರು 2.9 ಕಿ.ಮೀ. ಹೋಗಿದ್ದೀರಿ. ಜುಲೈನಲ್ಲಿ ಎದುರು ಗಾಳಿಗೆ 2.4. ಬೆನ್ನ ಗಾಳಿಗೆ 3.7. ಈ ಮೂರು ಅಂಕಿ ಅಮ್ಮನವರ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ. ಪರದೆಗಿಂತ ಅದು ನಂಬಿಕೆಯದು.

ಹಾಗೇ ಮನೆಯ ಹೆಸ್ಕಾಂ ಮೀಟರ್ ನೋಡಿ ಗಾಬರಿ ಆಗಬೇಡಿ. ಚಾರ್ಜ್ ಮಾಡುವಾಗ ನೂರಕ್ಕೆ ಹತ್ತು, ಹದಿನೈದು ಯುನಿಟ್ ಬಿಸಿಯಾಗಿ ಹೋಗುತ್ತದೆ. ಬಿಲ್ಲಿನ ಯುನಿಟ್ ಬ್ಯಾಟರಿಯ ಯುನಿಟ್‌ಗಿಂತ ಜಾಸ್ತಿಯೇ ಇರುತ್ತದೆ.

ಮುಧೋಳ ರೈತ

ಕಬ್ಬಿನ ಹಂಗಾಮಿನಲ್ಲಿ ಏನಾಗುತ್ತದೆ ಅಂತ ಯಾರೂ ಹೇಳಲಿಲ್ಲ. ನನ್ನ ಅಳಿಯನಿಗೂ ಇವಿ ಇದೆ. ಕಾರ್ಖಾನೆ ಶುರುವಾದ ಮೇಲೆ ಲೋಕಾಪುರ, ಮುಧೋಳ ಕಡೆ ಎರಡು ಟ್ರೇಲಿ ಕಟ್ಟಿದ ಟ್ರ್ಯಾಕ್ಟರ್‌ಗಳ ಸಾಲು. ಅವನು ಅವುಗಳ ಹಿಂದೆ 30ರಲ್ಲಿ ಸುಮ್ನೆ ಬಂದ ದಿನ ಬ್ಯಾಟರಿ ಬಹಳ ಉಳಿಯುತ್ತದೆ. ಒಂದೊಂದನ್ನೇ ನುಗ್ಗಿ ದಾಟಿಕೊಂಡು ಬಂದ ದಿನ ಉಳಿಯುವುದಿಲ್ಲ. ರಾತ್ರಿ ಆ ಟ್ರೇಲಿಗಳಿಗೆ ಹಿಂದೆ ದೀಪ ಇರುವುದಿಲ್ಲ ಅಣ್ಣಾವ್ರೆ, ಬ್ಯಾಟರಿ ಏನಾದರೂ ಆಗಲಿ, ದಾಟಲು ಹೋಗಬೇಡಿ.

ನವನಗರದ ಚಾಲಕ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ಮತ್ತೆ ಬೆಳಗಾವಿಗೆ ಹೋಗಿ ಬಂದೆವು. ಮಾಸ್ತರ ಲೆಕ್ಕ ನಿಜವೋ ಎಂದು ನೋಡಲೇಬೇಕಿತ್ತು.

ನಸುಕಿನ ಐದೂವರೆಗೆ ಹೊರಟೆವು. ಆ ಹೊತ್ತಿಗೆ ಗಾಳಿ ಕಡಿಮೆ ಇತ್ತು, ಕಲಾದಗಿಯ ದಾಳಿಂಬೆ ತೋಟಗಳ ಹತ್ತಿರ ಎಲೆ ಅಲ್ಲಾಡುವಷ್ಟು ಮಾತ್ರ. ಯರಗಟ್ಟಿ ದಾಟಿದ ಮೇಲೆ ಜೋರಾಯಿತು. ನಾನು ದಾರಿಯುದ್ದಕ್ಕೂ 65 ದಾಟಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು, ಎಡಕ್ಕೆ ಸರಿದು ಜಾಗ ಕೊಟ್ಟೆ. ಇಪ್ಪತ್ತೈದು ನಿಮಿಷ ತಡವಾಗಿ ಮುಟ್ಟಿದೆವು. ಖರ್ಚು 51%. ಮೊದಲಿಗಿಂತ 8 ಕಡಿಮೆ. ಬರುವಾಗ ಗಾಳಿ ಬೆನ್ನಿಗಿತ್ತು, 75ರಲ್ಲೇ ಬಂದೆ. 38%.

ನೇಸರಗಿ ದಾಟುವಾಗ ಹೆಂಡತಿ ಪರದೆ ನೋಡಲಿಲ್ಲ. ಕಿಟಕಿಯಿಂದ ಹೊರಗೆ ಗಿಡಗಳು ಯಾವ ಕಡೆ ವಾಲಿವೆ ಅಂತ ನೋಡುತ್ತಿದ್ದಳು. ನೋಟ್‌ಬುಕ್‌ನಲ್ಲಿ ಈಗ ಹೊಸ ಎರಡು ಮನೆ ಗೆರೆ ಹಾಕಿದ್ದಾಳೆ: ‘ಗಾಳಿ ಯಾವ ಕಡೆ’, ‘ವೇಗ’.

ಗುಮ್ಮಟದ ನೆರಳು

ನಾನೂ ಹೇಳಿಬಿಡುತ್ತೇನೆ. ಬ್ಯಾಂಕಿನ ಹಿಂದೆ ಒಂದು ದೊಡ್ಡ ಹುಣಸೆ ಮರ ಇದೆ. ಇಷ್ಟು ದಿನ ದೂರ ಅಂತ ಅಲ್ಲಿ ನಿಲ್ಲಿಸುತ್ತಿರಲಿಲ್ಲ. ಈಗ ಮಳೆಗಾಲ, ಲೆಕ್ಕ ಸಿಗುವುದಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಅಲ್ಲಿ ನಿಲ್ಲಿಸಿ ನೋಡಿ ಬರೆಯುತ್ತೇನೆ.

ಮುಧೋಳ ರೈತ

ಅಣ್ಣಾವ್ರೆ, ಹಿಂಗಾರಿನಲ್ಲಿ ಗಾಳಿ ತಿರುಗುತ್ತದೆ. ಜೋಳ ಬಿತ್ತಿದ ಮೇಲೆ ಮೂಡಣದಿಂದ ಬೀಸುತ್ತದೆ. ಆಷಾಢದಷ್ಟು ಜೋರಿಲ್ಲ. ಆದರೆ ಅದು ನಿಮ್ಮನ್ನು ಬೆಳಗಾವಿ ಕಡೆ ದೂಡುವ ಗಾಳಿ. ನವೆಂಬರ್‌ನಲ್ಲಿ ಹೋಗುವಾಗ ಎಷ್ಟಾಯಿತು ಅಂತ ಬರೆಯಿರಿ.

ನವನಗರದ ಚಾಲಕ

ಖಂಡಿತ ಕಾಕಾ. ದೀಪಾವಳಿಗೆ ಮಗಳನ್ನು ಕರೆದುಕೊಂಡು ಬರಲು ಹೋಗುತ್ತೇವೆ. ಆ ಸಲದ ಅಂಕಿ ಬರೆಯುತ್ತೇನೆ.